ತಂತಿ ಇನ್ನೂ ತಗ್ಗಲಿ

ಏಪ್ರಿಲ್ 4, ಶುಕ್ರವಾರ

ತಮ್ಮನಿಗೆ ಕೆಲಸ ಮರೆತುಹೋಗಿದೆ. ಇಲ್ಲದಿದ್ದರೆ ಅಹಂಕಾರ ಬಂದಿದೆ. ಎರಡರಲ್ಲಿ ಒಂದು ಖಂಡಿತ.

ಬೆಳಿಗ್ಗೆ ಗಿಟಾರ್ ಹೊತ್ತುಕೊಂಡು ಅವನ ರಿಪೇರಿ ಅಂಗಡಿಗೆ ಹೋದೆ. ತಂತಿ ತುಂಬಾ ಮೇಲಿದೆ, ತಗ್ಗಿಸು ಅಂದೆ. ಬಂದೂಕಿನಲ್ಲಿ ಗುರಿಯಿಡುವವನ ಹಾಗೆ ಒಂದು ಕಣ್ಣು ಮುಚ್ಚಿ ಗಿಟಾರಿನ ಕತ್ತಿನುದ್ದಕ್ಕೂ ನೋಡಿದ.

"ಹೋದ ತಿಂಗಳು ಎಷ್ಟಿತ್ತೋ ಅಷ್ಟೇ ಇದೆ ಅಕ್ಕ."

"ಅಷ್ಟು ಬೇಡ ಅಂತಲೇ ಬಂದಿರೋದು."

ಆಮೇಲೆ ನನಗೇ ಪಾಠ ಶುರು ಮಾಡಿದ. ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿರೋ ಕಂಬಿಗಳೇ ಫ್ರೆಟ್ಟುಗಳಂತೆ. ತಂತಿ ಅವುಗಳಿಂದ ದೂರ ಇದ್ದರೆ ಒತ್ತೋದು ಕಷ್ಟವಂತೆ, ಹತ್ತಿರ ಇದ್ದರೆ ಸುಲಭವಂತೆ. ಆದರೆ ತೀರಾ ಹತ್ತಿರ ಬಂದರೆ ಅಲುಗಾಡುವಾಗ ಕಂಬಿಗೆ ತಾಗಿ ಜಿರ್ ಅನ್ನುತ್ತದಂತೆ, ನಾದ ಸಾಯುತ್ತದಂತೆ. ಇಪ್ಪತ್ತಾರು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸ್ತಿರೋ ನನಗೆ ಇದನ್ನು ಹೇಳ್ತಾನೆ. ಇವನಿಗೆ ಮೊದಲ ಸ್ಕ್ರೂಡ್ರೈವರ್ ತಂದುಕೊಟ್ಟವಳೇ ನಾನು.

"ನಿನ್ನ ಪಾಠ ಇಟ್ಕೋ. ತಗ್ಗಿಸು."

ತಗ್ಗಿಸಿದ. ಮುಖ ಮಾತ್ರ ಯಾರೋ ಸತ್ತ ಹಾಗೆ ಮಾಡಿಕೊಂಡಿದ್ದ.

ಮುಂದಿನ ತಿಂಗಳು ರೆಕಾರ್ಡಿಂಗ್ ಇದೆ. ನಾವು ಪ್ರತಿ ಶನಿವಾರ ನುಡಿಸೋ ಹೋಟೆಲಿನ ಮಹಡಿ ಹಾಲನ್ನು ಒಡೆದು ರೂಮುಗಳು ಮಾಡ್ತಾರಂತೆ. ಅಲ್ಲಿಗೆ ನಮ್ಮ ಬ್ಯಾಂಡೂ ಮುಗೀತು. ಅದಕ್ಕೆ ಮುಂಚೆ ನಾನು ಕಟ್ಟಿದ ರಾಗ ಒಂದಾದರೂ ರೆಕಾರ್ಡ್ ಆಗಲಿ ಅಂತ ಎಲ್ಲರ ಆಸೆ. ಅದಕ್ಕೆ ಹೆಸರಿಲ್ಲ. ಯಾವಾಗಲೂ ಮೊದಲು ನುಡಿಸ್ತೀವಿ, ಅದಕ್ಕೆ 'ಮೊದಲನೇದು' ಅಂತೀವಿ. ಅದರ ನಡುವೆ ಒಂದು ಓಟ ಇದೆ. ಸ್ವರಗಳು ಒಂದರ ಬೆನ್ನಿಗೆ ಒಂದು ಸರಸರ ಇಳಿದು ಬರಬೇಕು. ಆ ಓಟಕ್ಕೆ ಜನ ಊಟದ ತಟ್ಟೆಯಿಂದ ತಲೆಯೆತ್ತುತ್ತಾರೆ. ತಂತಿ ಮೇಲಿದ್ದರೆ ಅದು ಬರಲ್ಲ, ಅಷ್ಟೇ ವಿಷಯ.

ಏಪ್ರಿಲ್ 6, ಭಾನುವಾರ

ನಿನ್ನೆ ಹೋಟೆಲಿನ ಮಹಡಿ ಹಾಲಿನಲ್ಲಿ ಗಿಟಾರು ಡಬ್ಬಿಯಲ್ಲಿ ಸಿಕ್ಕಿಬಿದ್ದ ನೊಣದ ಹಾಗೆ ಜಿರ್ ಅಂತು. ಓಟವೂ ಸರಿಯಾಗಿ ಬರಲಿಲ್ಲ. ಅಂದರೆ ತಮ್ಮ ತಗ್ಗಿಸಬೇಕಾದ ಕಡೆ ತಗ್ಗಿಸಿಲ್ಲ, ತಗ್ಗಿಸಬಾರದ ಕಡೆ ತಗ್ಗಿಸಿದ್ದಾನೆ.

ವೇದಿಕೆಗೆ ಹಾಕೋ ಕೋಟಿನ ಗುಂಡಿಗಳೂ ಹಾಳು. ದರ್ಜಿ ಕಾಜಾ ಎಷ್ಟು ಚಿಕ್ಕದು ಹೊಲಿದಿದ್ದಾನೆಂದರೆ ಒಂದು ಗುಂಡಿ ಹಾಕೋಕೆ ಬೆವರು ಬಂತು. ನಮ್ಮ ಮನೆಯವರು ಬಂದು ಹಾಕಿಕೊಟ್ಟರು. ನಾನು ಕೇಳಿರಲಿಲ್ಲ. ಬಸ್ ಓಡಿಸೋ ಗಂಡಸಿಗೆ ನನ್ನ ಗುಂಡಿಯ ಚಿಂತೆ ಯಾಕೆ.

ಏಪ್ರಿಲ್ 9, ಬುಧವಾರ

ಮತ್ತೆ ಅಂಗಡಿ, ಮತ್ತೆ ಜಗಳ. "ಇನ್ನೂ ತಗ್ಗಿಸು" ಅಂದೆ.

"ಇನ್ನು ತಗ್ಗಿಸಿದ್ರೆ ತಂತಿ ಫ್ರೆಟ್ ಮೇಲೆ ಮಲಗಿ ನಿದ್ದೆ ಮಾಡುತ್ತೆ ಅಕ್ಕ."

"ಮಲಗಲಿ. ಎಬ್ಬಿಸೋದು ನನ್ನ ಕೆಲಸ."

ಇದಕ್ಕೆ ನಕ್ಕಿದ್ದರೆ ಕ್ಷಮಿಸ್ತಿದ್ದೆನೋ ಏನೋ. ನಗಲಿಲ್ಲ. ನನ್ನ ಮುಖ ನೋಡದೆ, ನಾನು ಗಿಟಾರ್ ಹಿಡಿದಿದ್ದ ಕಡೆಯೇ ನೋಡ್ತಾ ನಿಂತಿದ್ದ. ಗಿರಾಕಿ ಮಾತಾಡುವಾಗ ಮುಖ ನೋಡಬೇಕು ಅನ್ನೋ ಮರ್ಯಾದೆಯೂ ಇಲ್ಲ.

ಮನೆಗೆ ಬಂದು ಕಾಫಿ ಮಾಡಿದೆ. ಲೋಟ ಕೈಯಿಂದ ಜಾರಿ ಒಡೆಯಿತು. ಈಗಿನ ಲೋಟಗಳಿಗೆ ಹಿಡಿ ಅನ್ನೋದು ಹೆಸರಿಗೆ ಮಾತ್ರ.

ಏಪ್ರಿಲ್ 13, ಭಾನುವಾರ

ನಿನ್ನೆ ಇನ್ನೂ ಕೆಟ್ಟದಾಗಿತ್ತು. ಬರೆಯೋಕೆ ಮನಸ್ಸಿಲ್ಲ.

ಏಪ್ರಿಲ್ 20, ಭಾನುವಾರ

ಮೈಯೆಲ್ಲ ಉರೀತಿದೆ. ನಿನ್ನೆ ಮಧ್ಯಾಹ್ನದ್ದನ್ನು ಇಲ್ಲಿ ಬರೆದು ಮುಗಿಸದಿದ್ದರೆ ಇವತ್ತು ಯಾರನ್ನಾದರೂ ಕಚ್ಚಿಬಿಡ್ತೀನಿ.

ಸ್ಟುಡಿಯೋದಲ್ಲಿ ಒಂದು ಸಲ ನುಡಿಸಿ ನೋಡೋಣ ಅಂತ ಎಲ್ಲರೂ ಹೋಗಿದ್ದೆವು. ಗುಡುಗು, ಬೇಸ್ ಗಿಟಾರಿನವನು, ನಾನು. ಗುಡುಗು ಅಂದರೆ ನಮ್ಮ ಡ್ರಮ್ಮಿನವರು. ಮಾತಾಡಿದರೆ ಪಕ್ಕದವರಿಗೂ ಕೇಳಿಸಲ್ಲ, ಅದಕ್ಕೆ ಆ ಹೆಸರು. ಸ್ಟುಡಿಯೋ ನಡೆಸೋಳು ದಪ್ಪ ಕನ್ನಡಕದ ಹೆಂಗಸು, ಗಾಜಿನ ಆಚೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳ್ತಿದ್ದಳು. ನುಡಿಸಿ ಮುಗಿಸಿದ ಮೇಲೆ ಅದನ್ನೇ ನಮಗೆ ಕೇಳಿಸಿದಳು.

ಹಾಲಿನಲ್ಲಿ ತಟ್ಟೆ ಚಮಚದ ಸದ್ದು ಇರುತ್ತೆ, ಎಲ್ಲಾ ಮುಚ್ಚಿಹೋಗುತ್ತೆ. ಇಲ್ಲಿ ಮುಚ್ಚೋಕೆ ಏನೂ ಇರಲಿಲ್ಲ. ಒಂದೊಂದು ಸ್ವರದ ಹಿಂದೆಯೂ ಜಿರ್ ಜಿರ್. ತಂತಿಯನ್ನು ಪಕ್ಕಕ್ಕೆ ತಳ್ಳಿ ಸ್ವರ ಏರಿಸೋ ಕಡೆಯಲ್ಲಂತೂ ಬಾಯಿಗೆ ಬಟ್ಟೆ ತುರುಕಿದ ಹಾಗೆ ಸ್ವರ ಅರ್ಧಕ್ಕೇ ನಿಂತುಹೋಗಿತ್ತು. ಓಟದಲ್ಲಿ ಸ್ವರಗಳು ಬಿಟ್ಟುಬಿಟ್ಟು ಬಂದಿದ್ದವು.

"ತಂತಿ ತೀರಾ ಕೆಳಗಿದೆ ಅನ್ಸುತ್ತೆ" ಅಂದಳು ಆ ಹೆಂಗಸು.

"ರಿಪೇರಿಯವನ ತಪ್ಪು" ಅಂದೆ.

ಗುಡುಗು ಹೊರಗೆ ಬಂದ ಮೇಲೆ, ಮೆಟ್ಟಿಲ ಹತ್ತಿರ, ನನ್ನನ್ನು ತಡೆದರು. "ನೋಡಿ ತಾಯಿ, ತಪ್ಪು ತಿಳ್ಕೋಬೇಡಿ. ಆ ಓಟದ ಭಾಗ ಮಾತ್ರ ಬೇರೆ ಯಾರಾದ್ರೂ ನುಡಿಸಲಿ. ಬೇಸಿನವನ ಸ್ನೇಹಿತ ಒಬ್ಬ ಇದ್ದಾನೆ. ಉಳಿದದ್ದೆಲ್ಲ ನೀವೇ."

ತಪ್ಪು ತಿಳ್ಕೋಬೇಡಿ ಅಂತೆ. ನನ್ನ ಮಗುವಿಗೆ ಬೇರೆಯವಳು ಸ್ನಾನ ಮಾಡಿಸಲಿ, ನೀವು ಬಟ್ಟೆ ಹಾಕಿ ಅಂದ ಹಾಗೆ. ನಾನು ಏನಂದೆ ಅಂತ ಇಲ್ಲಿ ಬರೆಯಲ್ಲ. ಗುಡುಗಿನ ಮುಖ ಸುಣ್ಣದ ಹಾಗಾಯಿತು. ಬೇಸಿನವನು ಶೂ ಲೇಸು ಕಟ್ಟಿಕೊಳ್ಳೋ ನೆಪದಲ್ಲಿ ಬಗ್ಗಿದವನು ಏಳಲೇ ಇಲ್ಲ.

ಅಲ್ಲಿಂದ ನೇರ ತಮ್ಮನ ಅಂಗಡಿಗೆ. ಗಿಟಾರನ್ನು ಅವನ ಮೇಜಿನ ಮೇಲೆ ಹಾಕಿ, "ತಂತಿ ಕೆಳಗೂ ಇರಬೇಕು, ನಾದವೂ ಇರಬೇಕು. ಎರಡೂ. ಆಗಲ್ಲ ಅಂದ್ರೆ ಬೇರೆ ಅಂಗಡಿ ಇದೆ" ಅಂದೆ. "ನಾಲ್ಕು ದಿನ ಬಿಡು ಅಕ್ಕ" ಅಂದ. ವಾದ ಮಾಡಲಿಲ್ಲ. ಅದು ಇನ್ನೂ ಸಿಟ್ಟು ತರಿಸಿತು. ಸಂಜೆ ಹಾಲಿನಲ್ಲಿ ಹೋಟೆಲಿನವರ ಹಳೇ ಗಿಟಾರಿನಲ್ಲೇ ಹೇಗೋ ದಬ್ಬಿದೆ.

ಇವತ್ತು ಬೆಳಿಗ್ಗೆ ಜಾಮಿನ ಬಾಟಲಿ ಕೈಗೆತ್ತಿಕೊಂಡರೆ ಮುಚ್ಚಳ ಆಗಲೇ ಸಡಿಲ. ಇವರು ಡ್ಯೂಟಿಗೆ ಹೋಗೋ ಮುಂಚೆ ತಿರುಗಿಸಿಟ್ಟು ಹೋಗಿದ್ದಾರೆ. ಜಾಮಿಗೆ ಗಾಳಿ ತಾಗಿದರೆ ಕೆಡಲ್ಲವಾ. ಸಂಜೆ ಬರಲಿ, ಕೇಳ್ತೀನಿ.

ಏಪ್ರಿಲ್ 24, ಗುರುವಾರ

ಕೊನೆಗೂ ಅವನಿಗೆ ಬುದ್ಧಿ ಬಂತು.

ಗಿಟಾರ್ ತಂದೆ. ಬೆಣ್ಣೆ. ಬೆರಳಿಟ್ಟರೆ ಸಾಕು, ತಂತಿ ತಾನೇ ಹೋಗಿ ಕೂರುತ್ತೆ. ಜಿರ್ ಇಲ್ಲ. ಓಟ ನಾಲ್ಕು ಸಲ ನುಡಿಸಿದೆ, ಎರಡು ಸಲ ಪೂರ್ತಿ ಬಂತು. "ನೋಡಿದ್ಯಾ, ತಗ್ಗಿಸಿದ್ರೆ ಹೇಗಿರುತ್ತೆ" ಅಂತ ಅಂಗಡಿಯಲ್ಲೇ ಹೇಳಿದೆ. "ಹೂಂ" ಅಂದ. ಸೋತವನು ಇನ್ನೇನು ಹೇಳ್ತಾನೆ.

ಗುಡುಗಿಗೆ ಫೋನು ಮಾಡಿ, ಆ ಸ್ನೇಹಿತ ಯಾರೋ ಅವನಿಗೆ ಮನೆಯಲ್ಲೇ ಇರಲಿಕ್ಕೆ ಹೇಳಿ ಅಂದೆ.

ಏಪ್ರಿಲ್ 28, ಸೋಮವಾರ

ನನ್ನ ಕಣ್ಣಿಗೆ ಮಣ್ಣೆರಚಿದ್ದಾನೆ. ಒಡಹುಟ್ಟಿದವನು.

ಶನಿವಾರ ಹಾಲಿನಲ್ಲಿ ಎಲ್ಲಾ ಚೆನ್ನಾಗಿತ್ತು. ಕೊನೆಯ ಹಾಡಿಗೆ ಮೂರನೇ ತಂತಿ ಕಡಿದುಹೋಯಿತು. ಇವತ್ತು ನನ್ನ ಪೆಟ್ಟಿಗೆಯಲ್ಲಿದ್ದ, ನಾನು ಯಾವಾಗಲೂ ಹಾಕೋ ತಂತಿಯನ್ನು ಹಾಕಿದೆ. ಅದೊಂದು ತಂತಿ ಮಾತ್ರ ಕಬ್ಬಿಣದ ಸರಳಿನ ಹಾಗೆ. ಒತ್ತಿದರೆ ಬೆರಳಿನಿಂದ ಮೊಣಕೈವರೆಗೆ ಸೂಜಿ ಚುಚ್ಚಿದ ಹಾಗಾಯಿತು. ಕಡಿದ ತಂತಿಯನ್ನೂ ಹೊಸದನ್ನೂ ಪಕ್ಕಪಕ್ಕ ಹಿಡಿದು ಬೆರಳಲ್ಲಿ ಉರುಳಿಸಿ ನೋಡಿದೆ. ಕಡಿದದ್ದು ತೆಳು. ಇಡೀ ಗಿಟಾರಿಗೆ ತೆಳು ತಂತಿ ಹಾಕಿದ್ದಾನೆ. ಇವರ ಉಕ್ಕಿನ ಅಳತೆಪಟ್ಟಿ ತಂದು ಎತ್ತರ ಅಳೆದೆ. ತಗ್ಗಿಸಿಲ್ಲ. ಏರಿಸಿದ್ದಾನೆ. ನಾನು ಮೊದಲ ದಿನ ತಗೊಂಡು ಹೋದಾಗ ಇದ್ದದ್ದಕ್ಕಿಂತಲೂ ಒಂದು ಚೂರು ಮೇಲಿದೆ.

ಅವನ ಮುಂದೆ ನಿಂತು "ನೋಡಿದ್ಯಾ" ಅಂದಿದ್ದೆನಲ್ಲ. ಎಷ್ಟು ನಕ್ಕಿರಬೇಕು ಒಳಗೊಳಗೇ.

ಮೇ 1, ಗುರುವಾರ

ಹೋದೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ, ಅವನ ಅದೃಷ್ಟ.

"ನನಗೆ ಸುಳ್ಳು ಹೇಳಿದೆ" ಅಂದೆ.

"ಹೇಳಿದೆ."

ಇಷ್ಟು ಸಲೀಸಾಗಿ ಒಪ್ಪಿಕೊಂಡರೆ ಜಗಳ ಆಡೋದು ಹೇಗೆ.

"ತಗ್ಗಿಸು ಅಂದ್ರೆ ಏರಿಸಿದ್ದೀಯ."

"ಏರಿಸಿದೆ. ತಂತಿ ತೆಳು ಹಾಕಿದೆ, ಒತ್ತೋಕೆ ಮೆತ್ತಗಿರಲಿ ಅಂತ. ಫ್ರೆಟ್ಟೆಲ್ಲ ಒಂದೇ ಸಮ ಉಜ್ಜಿದೆ. ತೆಳು ತಂತಿ ದನಿ ಬಡಕಲಾಗುತ್ತೆ, ಅದಕ್ಕೆ ಕೆಳಗೆ ದನಿ ಹಿಡಿಯೋ ಪಿಕಪ್ಪನ್ನ ತಂತಿಗೆ ಸ್ವಲ್ಪ ಹತ್ತಿರ ತಂದೆ. ಎತ್ತರ ಒಂದನ್ನೇ ಹಿಡ್ಕೊಂಡು ಜಗ್ಗಾಡಿದ್ರೆ ಆಗಲ್ಲ ಅಕ್ಕ, ಎಲ್ಲಾ ಕಡೆ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು."

"ನನ್ನ ಕೇಳದೆ?"

"ಕೇಳಿದ್ರೆ ನೀನು ಯಾಕೆ ಅಂತ ಕೇಳ್ತಿದ್ದೆ. ಆಗ ಹೇಳಬೇಕಾಗ್ತಿತ್ತು."

"ಏನು ಹೇಳಬೇಕಾಗ್ತಿತ್ತು?"

ಅವನು ಬಟ್ಟೆಗೆ ಕೈ ಒರೆಸಿದ. ಒರೆಸಿದ ಕೈಯನ್ನೇ ಮತ್ತೆ ಒರೆಸಿದ.

"ಗಿಟಾರಲ್ಲಿ ಏನೂ ತೊಂದರೆ ಇರಲಿಲ್ಲ. ಮೊದಲ ದಿನಾನೂ ಇರಲಿಲ್ಲ. ನಿನ್ನ ಕೈ ಅಕ್ಕ. ಬೆರಳ ಗಿಣ್ಣು ಊದ್ಕೊಂಡಿದೆ. ಉಂಗುರ ತೆಗೆದು ಎಷ್ಟು ದಿನ ಆಯ್ತು ನೀನು?"

ಉಂಗುರ ಬಿಗಿಯಾಗ್ತಿತ್ತು, ಅದಕ್ಕೆ ತೆಗೆದೆ. ಬೇಸಿಗೆಯಲ್ಲಿ ಎಲ್ಲರ ಬೆರಳೂ ಊದುತ್ತೆ. ಇದನ್ನು ಹೇಳಿದೆ. ಜೋರಾಗಿಯೇ ಹೇಳಿದೆ. ನಿನಗೆ ಡಾಕ್ಟರಾಗೋ ಚಪಲ ಇದ್ದರೆ ಚಿಕ್ಕವನಿದ್ದಾಗ ಓದಬೇಕಿತ್ತು ಅಂದೆ. ನನ್ನನ್ನು ಮುದುಕಿ ಮಾಡಿ ಮೂಲೆಗೆ ಕೂರಿಸೋಕೆ ಎಲ್ಲರೂ ಸೇರಿ ಹೊಂಚು ಹಾಕಿದ್ದೀರಿ ಅಂದೆ.

ಗಿಟಾರ್ ಅಲ್ಲೇ ಬಿಟ್ಟು ಹೊರಟೆ. ಬಾಗಿಲನ್ನು ಧಡಾರನೆ ಹಾಕೋಣ ಅಂತ ಎಳೆದರೆ, ಆ ಬಾಗಿಲಿಗೆ ತಾನೇ ಮೆಲ್ಲಗೆ ಮುಚ್ಚೋ ಯಂತ್ರ ಹಾಕಿಸಿದ್ದಾನೆ. ಎಳೆದಷ್ಟೂ ನಿಧಾನ. ಅದು ಮುಚ್ಚೋವರೆಗೂ ಒಳಗಿಂದ ಅವನು ನೋಡ್ತಿದ್ದ, ಹೊರಗಿಂದ ನಾನು.

ಮೇ 3, ಶನಿವಾರ

ಹಾಲಿಗೆ ಹೋಗಲಿಲ್ಲ. ಜ್ವರ ಅಂದೆ.

ಮೇ 4, ಭಾನುವಾರ

ಇವರು ಏನೂ ಕೇಳಲಿಲ್ಲ. ಕೇಳಿದ್ದರೆ ಎರಡು ಮಾತು ಬೈದು ಹಗುರಾಗ್ತಿದ್ದೆ.

ಮೇ 6, ಮಂಗಳವಾರ

ಇವರಿಗೆ ವಾರದ ರಜೆ. ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ನಾನು ಡಾಕ್ಟರ ಹತ್ರ ಹೋಗ್ತಿದ್ದೀನಿ. ನೀನೂ ಬಂದ್ರೆ ಅವರಿಗೆ ನೋಡೋಕೆ ಏನಾದ್ರೂ ಇರುತ್ತೆ" ಅಂದರು. ಇಂಥ ಮಾತು ಆಡೋ ಗಂಡಸಿನ ಜೊತೆ ಇಷ್ಟು ವರ್ಷ ಹೇಗೆ ಬಾಳಿದೆನೋ. ಹೋದೆ.

ಡಾಕ್ಟರು ನನ್ನ ಬೆರಳು ಹಿಡಿದುಕೊಂಡು ಇವರನ್ನು ಕೇಳಿದರು. "ಇವರಿಗೆ ಬೆಳಿಗ್ಗೆ ಎದ್ದಾಗ ಕೈ ಬಿಗಿಯಾಗಿರುತ್ತಾ?"

"ಅವಳನ್ನೇ ಕೇಳಿ ಡಾಕ್ಟ್ರೇ. ಬಾಯಲ್ಲೇನೂ ತೊಂದರೆ ಇಲ್ಲ" ಅಂದರು ಇವರು.

ಸಂಧಿವಾತ. ವಾಸಿ ಮಾಡೋದು ಅಂತ ಇಲ್ಲವಂತೆ, ಹಿಡಿತದಲ್ಲಿ ಇಡಬಹುದಂತೆ. ಮಾತ್ರೆ ಕೊಟ್ಟರು. ಬಿಸಿನೀರಲ್ಲಿ ಕೈ ಇಡಬೇಕಂತೆ. ನುಡಿಸೋದು ಬಿಡಬೇಕಾ ಅಂತ ಕೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬಿಡಬೇಕಾಗಿಲ್ಲ. ಗಂಟೆಗಟ್ಟಲೆ ಬೇಡ. ನೋವಾದ ತಕ್ಷಣ ನಿಲ್ಲಿಸಿ" ಅಂದರು. ನೋವಾದ ತಕ್ಷಣ ನಿಲ್ಲಿಸೋ ಹಾಗಿದ್ದರೆ ನಾನು ಫೆಬ್ರವರಿಯಲ್ಲೇ ನಿಲ್ಲಿಸಬೇಕಿತ್ತು.

ಬರುವಾಗ ಬಸ್ಸಿನಲ್ಲಿ ಇವರು ಕಿಟಕಿ ಕಡೆ ಕೂತು, ಇನ್ನೊಬ್ಬ ಡ್ರೈವರ್ ತಿರುವು ತಗೊಳ್ಳೋದು ಸರಿಯಿಲ್ಲ ಅಂತ ಗೊಣಗುತ್ತಿದ್ದರು. ನನ್ನ ಎಡಗೈ ಇವರ ಕೈಯೊಳಗಿತ್ತು. ಯಾವಾಗ ಹೋಯಿತೋ ಗೊತ್ತಿಲ್ಲ.

ಎಲ್ಲದರ ಮೇಲೂ ಸಿಟ್ಟು ಬರ್ತಿದೆ. ಮಾತ್ರೆಯ ಮೇಲೆ, ಬಿಸಿನೀರಿನ ಮೇಲೆ. ಹೆಚ್ಚಾಗಿ ಎಡಗೈ ಮೇಲೆ. ಬಲಗೈಗೇ ಬರಬಾರದಿತ್ತಾ.

ಮೇ 10, ಶನಿವಾರ

ಗಿಟಾರ್ ತರಲು ಹೋದೆ. ಅದಕ್ಕೆ ಮಾತ್ರ.

ತಮ್ಮ ಯಾರದೋ ಗಿಟಾರಿಗೆ ತಂತಿ ಹಾಕ್ತಿದ್ದ. ನನ್ನ ನೋಡಿ ಅದನ್ನು ಪಕ್ಕಕ್ಕಿಟ್ಟ. ನನ್ನದನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಮಲಗಿಸಿದ. ಕಡಿದಿದ್ದ ತಂತಿಯ ಜಾಗಕ್ಕೆ ತೆಳುವಾದದ್ದನ್ನೇ ಹಾಕಿಟ್ಟಿದ್ದ. ಇಬ್ಬರೂ ಅದನ್ನೇ ನೋಡ್ತಾ ನಿಂತೆವು.

"ಡಾಕ್ಟರ ಹತ್ರ ಹೋಗಿದ್ದೆ" ಅಂದೆ.

"ಭಾವ ಹೇಳಿದ್ರು."

ಹೇಳಿಯೂ ಆಗಿದೆ. ಈ ಮನೆಯಲ್ಲಿ ಗಂಡಸರ ಬಾಯಿಗೆ ಬೀಗ ಹಾಕೋರೇ ಇಲ್ಲ.

"ಕೈ ಕೊಡು" ಅಂದ.

"ಗಿಟಾರ್ ನೋಡು, ಕೈ ಯಾಕೆ?"

"ಕೊಡಕ್ಕ."

ಕೊಟ್ಟೆ. ಫ್ರೆಟ್ಟುಗಳನ್ನು ಒಂದೊಂದಾಗಿ ತಟ್ಟಿ ಎಲ್ಲಿ ಎದ್ದಿದೆ ಅಂತ ನೋಡ್ತಾನಲ್ಲ, ಹಾಗೇ ಒಂದೊಂದು ಗಿಣ್ಣನ್ನೂ ಮೆಲ್ಲಗೆ ಒತ್ತುತ್ತಾ ಬಂದ.

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಸ್ವಲ್ಪ."

"ಉಂಗುರದ ಬೆರಳು?"

ಏನೂ ಇಲ್ಲ ಅನ್ನೋಣ ಅಂತ ಬಾಯಿ ತೆಗೆದೆ. "ಅಲ್ಲೇ ಜಾಸ್ತಿ" ಅಂತ ಬಂತು. ಆಮೇಲೆ ನಿಲ್ಲಲಿಲ್ಲ. ಕಿರುಬೆರಳು ಓಟದ ಕೊನೆಗೆ ಮರಗಟ್ಟೋದು, ಬೆಳಿಗ್ಗೆ ಹಲ್ಲುಜ್ಜೋ ಪೇಸ್ಟ್ ಹಿಂಡೋಕೂ ಆಗದಿರೋದು, ಹೋದ ಚಳಿಗಾಲದಿಂದ ಶುರುವಾಗಿದ್ದು, ಎಲ್ಲಾ ಹೇಳಿದೆ. ಅವನು ಕೈ ಬಿಡದೆ ಕೇಳಿದ.

"ಇನ್ನೊಂದು ಮಾಡಬಹುದು" ಅಂದ. "ಇಡೀ ಗಿಟಾರನ್ನ ಅರ್ಧ ಸ್ವರ ಕೆಳಕ್ಕೆ ಶ್ರುತಿ ಮಾಡ್ಕೋ. ತಂತಿ ಸಡಿಲ ಆಗುತ್ತೆ, ಒತ್ತೋಕೆ ಇನ್ನೂ ಹಗುರ. ಆದ್ರೆ ಸಡಿಲ ತಂತಿ ಅಗಲಕ್ಕೆ ಅಲುಗಾಡುತ್ತೆ, ಅದಕ್ಕೆ ಜಾಗ ಬೇಕು. ಎತ್ತರ ಇನ್ನೊಂದು ಕೂದಲೆಳೆ ಏರಿಸಬೇಕಾಗುತ್ತೆ."

"ಏರಿಸು" ಅಂದೆ.

ಅವನು ಕೆಲಸ ಮಾಡುವಾಗ ಸ್ಟೂಲಿನ ಮೇಲೆ ಕೂತಿದ್ದೆ. ಒಂದು ಚೂರು ತಿರುಗಿಸೋದು, ನನಗೆ ಕೊಡೋದು, ನಾನು ನುಡಿಸೋದು, ಅವನು ಕಿವಿಗೊಡೋದು. ದಪ್ಪ ತಂತಿಗೆ ಹೆಚ್ಚು ಜಾಗ, ತೆಳು ತಂತಿಗೆ ಕಮ್ಮಿ. ನಡುವೆ ಒಂದು ಸಲ ನನಗೆ ಸಾಕು ಅನ್ನಿಸಿತ್ತು, ಅವನು ಇನ್ನೂ ಇಲ್ಲ ಅಂದ. ಇನ್ನೊಂದು ಸಲ ಅವನು ಸಾಕು ಅಂದ, ನಾನು ಇಲ್ಲ ಅಂದೆ. ಆ ಸಲ ನಾನೇ ಸರಿ.

ಸಂಜೆ ಹಾಲಿಗೆ ಹೋದೆ. ಅರ್ಧ ಸ್ವರ ಇಳಿಸಬೇಕು ಅಂದಿದ್ದಕ್ಕೆ ಬೇಸಿನವನು ಮುಖ ಸಿಂಡರಿಸಿದ. "ಎಲ್ಲಾ ಹಾಡಿಗೂ?" ಅಂದ. ಗುಡುಗು ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು. ಎಂದಿನಂತೆ ಯಾರಿಗೂ ಕೇಳಿಸಲಿಲ್ಲ. ಅವನು ಬಿರಡೆ ತಿರುಗಿಸಿದ.

ಗುಡುಗಿಗೆ ಅವತ್ತು ಮೆಟ್ಟಿಲ ಹತ್ತಿರ ಅಂದದ್ದರ ಬಗ್ಗೆ ಏನಾದರೂ ಹೇಳಬೇಕಿತ್ತು. ಸಂಧಿವಾತ ಅಂತ ಮಾತ್ರ ಹೇಳಿದೆ. "ನನಗೆ ಮಂಡಿ ತಾಯಿ" ಅಂದರು.

ಮೇ 18, ಭಾನುವಾರ

ದಿನಾ ಅರ್ಧ ಗಂಟೆ, ಅಷ್ಟೇ. ಓಟ ಒಂದು ದಿನ ಬರುತ್ತೆ, ಎರಡು ದಿನ ಬರಲ್ಲ. ಬಾರದ ದಿನ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತೆ. ನಿನ್ನೆ ಹಾಲಿನಲ್ಲಿ ಬರಲಿಲ್ಲ. ಒಬ್ಬರೂ ತಟ್ಟೆಯಿಂದ ತಲೆಯೆತ್ತಲಿಲ್ಲ. ಮನೆಗೆ ಬಂದು ಪಾತ್ರೆ ತೊಳೆಯುವಾಗ ಇವರ ಮೇಲೆ ರೇಗಿದೆ. ಇವರು ಒರೆಸ್ತಾ ನಿಂತಿದ್ದರು, "ಅದು ತೊಳೆದಾಯ್ತು, ಇದರ ಮೇಲೆ ರೇಗು" ಅಂತ ಇನ್ನೊಂದು ಪಾತ್ರೆ ಕೊಟ್ಟರು.

ಮೇ 25, ಭಾನುವಾರ

ನಿನ್ನೆ ರೆಕಾರ್ಡಿಂಗ್ ಆಯಿತು.

ಮೊದಲ ಸಲ ಓಟದಲ್ಲಿ ಎಡವಿದೆ. ಎರಡನೇ ಸಲ ಓಟ ಪೂರ್ತಿ ಬಂತು, ಆದರೆ ಅದು ಮುಗಿದ ಮೇಲೆ ಕೈ ಎಷ್ಟು ನೋಯ್ತಿತ್ತೆಂದರೆ ಉಳಿದದ್ದೆಲ್ಲ ಸತ್ತ ಹಾಗೆ ನುಡಿಸಿದೆ. ಗಾಜಿನ ಆಚೆಯಿಂದ ಕನ್ನಡಕದವಳು ಇನ್ನೊಂದು ಸಲ ಅಂತ ಬೆರಳೆತ್ತಿದಳು. ತಮ್ಮ ಅವಳ ಪಕ್ಕದಲ್ಲಿ ನಿಂತಿದ್ದ. ತಂತಿ ಕಡಿದರೆ ಇರಲಿ ಅಂತ ಕರೆದಿದ್ದೆ. ಇನ್ನೊಂದೇ ಸಲ, ಆಮೇಲೆ ಕೈ ಕೇಳಲ್ಲ ಅಂತ ಎಲ್ಲರಿಗೂ ಹೇಳಿದೆ.

ಮೂರನೇ ಸಲ ಓಟದ ಜಾಗ ಬಂದಾಗ ಓಡಲಿಲ್ಲ. ಯೋಚನೆ ಮಾಡಿದ್ದಲ್ಲ. ಕಿರುಬೆರಳು ಬರಲ್ಲ ಅಂತ ಗೊತ್ತಾಯಿತು, ನಡುಬೆರಳಿಗೆ ತೋರುಬೆರಳ ಆಸರೆ ಕೊಟ್ಟು ಒಂದೇ ತಂತಿಯನ್ನು ಪಕ್ಕಕ್ಕೆ ತಳ್ಳಿ ಹಿಡಿದೆ. ಒಂದೇ ಸ್ವರ. ಅದು ಏರಿತು, ಏರಿದ ಕಡೆ ನಿಂತಿತು. ಸಾಯಲಿಲ್ಲ. ನನ್ನ ಬೆರಳ ಕೆಳಗೇ ದಪ್ಪಗಾಗ್ತಾ ಹೋಯಿತು. ಓಟದ ಸ್ವರಗಳು ಇರಬೇಕಾದ ಇಡೀ ಜಾಗದಲ್ಲಿ ಅದೊಂದೇ ಇತ್ತು. ಗುಡುಗು ತಬ್ಬಿಬ್ಬಾಗಬೇಕಿತ್ತು, ಆಗಲಿಲ್ಲ. ಕೋಲುಗಳನ್ನು ಮೆಲ್ಲಗೆ ಮಾಡಿಕೊಂಡು ಕಾದರು. ಬೇಸಿನವನೂ ಒಂದೇ ಸ್ವರಕ್ಕೆ ಇಳಿದು ಕೂತ. ಆಮೇಲೆ ಎಲ್ಲರೂ ಒಟ್ಟಿಗೆ ಮುಂದಕ್ಕೆ ಹೋದೆವು.

ಮುಗಿದ ಮೇಲೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿದೆ.

"ಓಟ ಬಿಟ್ಟುಹೋಯ್ತು" ಅಂದಳು ಕನ್ನಡಕದವಳು. "ಎರಡನೇ ಸಲದ್ದು ಚೆನ್ನಾಗಿ ಬಂದಿದೆ, ಅದನ್ನ ಇಲ್ಲಿಗೆ ಸೇರಿಸಬಹುದು. ಗೊತ್ತೇ ಆಗಲ್ಲ."

"ಬೇಡ. ಇದೇ ಇರಲಿ."

"ಜನ ಕಾಯೋದೇ ಆ ಓಟಕ್ಕೆ ಅಂತ ಡ್ರಮ್ಮಿನವರು ಹೇಳ್ತಿದ್ರು."

"ಬೇರೆ ಏನಾದರೂ ಕೇಳಿಸ್ಕೊಳ್ಳಲಿ."

ತಮ್ಮ ತಲೆ ಕೆರೆದುಕೊಂಡ. "ದಪ್ಪ ತಂತಿ ಒಂದು ಕಡೆ ಜಿರ್ ಅಂತು ಅಕ್ಕ. ಶುರುವಿನಲ್ಲೇ."

ಎಲ್ಲರೂ ನನ್ನ ಕಡೆ ತಿರುಗಿದರು. ಬೇಸಿನವನು ಆಗಲೇ ಶೂ ಲೇಸಿಗೆ ಬಗ್ಗುತ್ತಿದ್ದ.

"ಹೌದು, ಅಂತು" ಅಂದೆ. ಹಸಿವಾಗಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಸ್ಟುಡಿಯೋ ಎದುರಿನ ಹೋಟೆಲಿನಲ್ಲಿ ಎಲ್ಲರೂ ಒಂದೇ ಮೇಜಿಗೆ ಒತ್ತಿಕೊಂಡು ಕೂತೆವು. ಮುಂದಿನ ವಾರ ಹಾಲಿನ ಬಾಗಿಲು ಹಾಕ್ತಾರೆ, ಅದರ ಮಾತು ಯಾರೂ ತೆಗೆಯಲಿಲ್ಲ. ತಮ್ಮ ನನ್ನ ತಟ್ಟೆಯಿಂದ ತಿಂದ, ನಾನು ಅವನದರಿಂದ ತಿಂದೆ. ಗುಡುಗು ಎರಡನೇ ಸಲ ಅನ್ನ ಸಾರು ಹಾಕಿಸಿಕೊಂಡರು. ತಿನ್ನುತ್ತಾ ತಿನ್ನುತ್ತಾ ಅವರ ಕಣ್ಣಲ್ಲಿ ನೀರು ಬಂತು. ಸಾರು ಖಾರ ಅಂದರು.

ನನಗೇನೂ ಖಾರ ಅನ್ನಿಸಲಿಲ್ಲ. ನೀರಿನ ಲೋಟ ಅವರ ಕಡೆ ಸರಿಸಿದೆ.